ಗುದ್ದಿದವನು ನಿಲ್ಲಿಸದೆ ಹೋದ, ಈಗ ಸೈಕಲ್ಲಿನವರು ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಇವತ್ತು ಸೈಕಲ್ ತುಳಿಯುವವರ ಜೊತೆ ಒಂದಿಷ್ಟು ಮಾತು. ಸೈಕಲ್ ಅಂದ ಕೂಡಲೇ ಭಾನುವಾರ ಬೆಳಿಗ್ಗೆ ನಂದಿಬೆಟ್ಟ ಹತ್ತುವ ಹುಡುಗರು ಕಣ್ಣ ಮುಂದೆ ಬರುತ್ತಾರೆ, ಅಲ್ವಾ? ಅವರಿಗೂ ಈ ಮಾತು ಬೇಕು. ಆದರೆ ಬೆಳಗಿನ ಜಾವ ಪೇಪರ್ ಹಾಕುವ ಹುಡುಗ, ಹ್ಯಾಂಡಲ್ಲಿಗೆ ಕ್ಯಾನ್ ನೇತುಹಾಕಿಕೊಂಡು ಡೇರಿಗೆ ಹಾಲು ಒಯ್ಯುವ ರೈತ, ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿಯವರು, ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗಿಬರುವ ಮಕ್ಕಳು, ಇವರಿಗೆ ಇನ್ನೂ ಜಾಸ್ತಿ ಬೇಕು. ಯಾಕೆಂದರೆ ಇವರಿಗೆ ಗಾಡಿ ಗುದ್ದಿ ಹೋದರೆ ಸಾಮಾನ್ಯವಾಗಿ ಏನಾಗುತ್ತದೆ? ಮಂಡಿಯ ಮಣ್ಣು ಕೊಡವಿಕೊಂಡು, ಮುಂದಿನ ಚಕ್ರವನ್ನು ಎರಡು ಕಾಲಿನ ಮಧ್ಯೆ ಹಿಡಿದು ಹ್ಯಾಂಡಲ್ ನೇರ ಮಾಡಿಕೊಂಡು, "ಏನೂ ಆಗಿಲ್ಲ ಬಿಡಿ" ಅಂತ ಹೇಳಿ ಮನೆಗೆ ಹೋಗಿಬಿಡುತ್ತಾರೆ.

ಗಾಡಿಯೇ ಹೋಯ್ತು, ಇನ್ನೇನು ಮಾಡೋಕಾಗುತ್ತೆ ಅನ್ನುವುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಅದು ತಪ್ಪು. ಗಾಡಿ ಸಿಗದೆ ಹೋದರೂ ಕಾನೂನಿನಲ್ಲಿ ನಿಮಗೆ ದಾರಿ ಇದೆ. ಆದರೆ ಮೊದಲ ದಿನ ಎರಡು ಕಡೆ ಏನು ಬರೆಸಿದ್ದೀರಿ ಅನ್ನುವುದರ ಮೇಲೆ ಆ ದಾರಿ ನಿಂತಿದೆ. ಒಂದು ಆಸ್ಪತ್ರೆ, ಇನ್ನೊಂದು ಪೊಲೀಸ್ ಠಾಣೆ.

ಮೊದಲು ರಸ್ತೆಯ ವಿಷಯ. ಬಿದ್ದ ಮೇಲೆ ಏಳೋಕೆ ಆಗುವಂತಿದ್ದರೆ ಪಕ್ಕಕ್ಕೆ ಸರಿಯಿರಿ, ಹಿಂದೆ ಬರುವ ಇನ್ನೊಂದು ಗಾಡಿಗೆ ನೀವು ಕಾಣಿಸದೆ ಇರಬಹುದು. ಕುತ್ತಿಗೆ ಅಥವಾ ಬೆನ್ನುಮೂಳೆ ನೋಯುತ್ತಿದ್ದರೆ ಮಾತ್ರ ಅಲುಗಾಡಬೇಡಿ. ಸುತ್ತ ನಿಂತವರಿಗೆ ಬರುವ ಗಾಡಿಗಳನ್ನು ತಡೆಯಿರಿ ಅಂತ ಹೇಳಿ, ಹೆಲ್ಮೆಟ್ಟನ್ನು ಯಾರೂ ಎಳೆದು ತೆಗೆಯದ ಹಾಗೆ ನೋಡಿಕೊಳ್ಳಿ. ಓಡಿದ ಗಾಡಿಯನ್ನು ಬೆನ್ನಟ್ಟಬೇಡಿ. ಬೈಕಿನಲ್ಲಿ ಬಂದ ಯಾರೋ "ಹತ್ತಿ, ಹಿಡಿಯೋಣ" ಅಂದರೂ ಬೇಡ.

ಅದರ ಬದಲು ನೆನಪಿರುವುದನ್ನು ಆಗಲೇ ಹೇಳಿಟ್ಟುಕೊಳ್ಳಿ. ಬರೆಯೋಕೆ ಕೈ ನಡುಗುತ್ತಿರುತ್ತದೆ, ಮೊಬೈಲ್‌ನಲ್ಲಿ ರೆಕಾರ್ಡ್ ಒತ್ತಿ ಬಾಯಲ್ಲೇ ಹೇಳಿಬಿಡಿ. ಪೂರ್ತಿ ನಂಬರ್ ಸಿಗದಿದ್ದರೂ ಪರವಾಗಿಲ್ಲ. ಕೆಎ ಆದ ಮೇಲೆ 05 ಇತ್ತಾ, ಅದು ಜಯನಗರದ ಆರ್‌ಟಿಓ. 09 ಇದ್ದರೆ ಮೈಸೂರು, 19 ಇದ್ದರೆ ಮಂಗಳೂರು. ಪ್ಲೇಟಿನ ಬಣ್ಣ ಇನ್ನೂ ಸುಲಭವಾಗಿ ನೆನಪಿರುತ್ತದೆ. ಬಿಳಿ ಆದರೆ ಸ್ವಂತ ಗಾಡಿ, ಹಳದಿ ಆದರೆ ಬಾಡಿಗೆಯದು, ಹಸಿರು ಆದರೆ ಎಲೆಕ್ಟ್ರಿಕ್. ಗೂಡ್ಸ್ ಆಟೋ ಇತ್ತಾ, ಹಿಂದೆ ಏನು ಬರೆದಿತ್ತು, ಯಾವ ಕಡೆ ತಿರುಗಿತು, ಯಾವ ಲೈಟು ಒಡೆಯಿತು? ನಮ್ಮ ಕಡೆ ಗಾಡಿಗಳ ಹಿಂದೆ ದೇವರ ಹೆಸರು, ಮಕ್ಕಳ ಹೆಸರು, ಊರಿನ ಹೆಸರು ಬರೆಸದೆ ಇರುವವರು ಕಡಿಮೆ. ಪೊಲೀಸರಿಗೆ ಎಷ್ಟೋ ಸಲ ಅದೇ ಸಾಕಾಗುತ್ತದೆ. ಗುದ್ದಿದ ಜಾಗದಲ್ಲಿ ಒಡೆದ ಗಾಜಿನ ಚೂರು, ಕನ್ನಡಿ, ಬಂಪರಿನ ತುಂಡು ಬಿದ್ದಿದ್ದರೆ ಒದೆದು ಪಕ್ಕಕ್ಕೆ ಹಾಕಬೇಡಿ, ಫೋಟೋ ತೆಗೆಸಿ, ಪೊಲೀಸರಿಗೆ ತೋರಿಸಿ.

ನೋಡಿದವರ ಫೋನ್ ನಂಬರ್ ಕೇಳಿ. ಬಹಳ ಜನ ಹಿಂದೆ ಸರಿಯುತ್ತಾರೆ, ಕೋರ್ಟಿಗೆ ಅಲೆಸುತ್ತಾರೆ ಅನ್ನುವ ಭಯ. ಅಂಥವರಿಗೆ ಇಷ್ಟು ಹೇಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಅನ್ನುವ ಸೆಕ್ಷನ್ ಸೇರಿದೆ, ಅದರ ನಿಯಮಗಳು 2020ರಲ್ಲಿ ಬಂದಿವೆ. ಗಾಯಾಳುವಿಗೆ ಸಹಾಯ ಮಾಡಿದವರನ್ನು ಹೆಸರು, ವಿಳಾಸ ಕೊಡಿ ಅಂತ ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಬಲವಂತ ಮಾಡುವಂತಿಲ್ಲ. ಸಾಕ್ಷಿ ಹೇಳುವುದು ಅವರಿಗೆ ಬಿಟ್ಟಿದ್ದು.

ಇಲ್ಲಿ ಗುದ್ದಿದವನ ಬಗ್ಗೆಯೂ ಒಂದು ಮಾತು. ಓಡಿಹೋಗುವವರೆಲ್ಲ ಹೇಳುವ ಸಬೂಬು ಒಂದೇ, "ನಿಂತಿದ್ರೆ ಜನ ಹೊಡೀತಿದ್ರು". ಈ ಭಯ ಪೂರ್ತಿ ಸುಳ್ಳಲ್ಲ, ಕಾನೂನೂ ಅದನ್ನು ಒಪ್ಪುತ್ತದೆ. 134ನೇ ಸೆಕ್ಷನ್ ಪ್ರಕಾರ ಗುದ್ದಿದವನು ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಬೇಕು. ಜನ ರೊಚ್ಚಿಗೆದ್ದು ಅಲ್ಲಿ ನಿಲ್ಲೋಕೆ ಆಗಲಿಲ್ಲ ಅಂದರೆ ಅದಕ್ಕೆ ವಿನಾಯಿತಿ ಇದೆ. ಆದರೆ ಹಾಗೆ ಹೋದವನು ನೇರ ಠಾಣೆಗೆ ಹೋಗಬೇಕು, ತಡವಾದರೂ 24 ಗಂಟೆಯೊಳಗೆ ವಿಷಯ ತಿಳಿಸಬೇಕು. ಹೋಗಿ ಶೆಡ್ಡಿನಲ್ಲಿ ಗಾಡಿ ಮುಚ್ಚಿಟ್ಟವನಿಗೆ ಈ ಸಬೂಬು ನಡೆಯುವುದಿಲ್ಲ.

ಈಗ ಮೈಯ ವಿಷಯ. ಬಿದ್ದ ತಕ್ಷಣ ನೋವು ಗೊತ್ತಾಗುವುದಿಲ್ಲ, ಗಾಬರಿಯಲ್ಲಿ ಮೈ ಮರಗಟ್ಟಿದ ಹಾಗಿರುತ್ತದೆ. ಸೈಕಲ್ಲಿನವರು ಒಂದನ್ನು ವಿಶೇಷವಾಗಿ ಗಮನಿಸಬೇಕು. ಬೀಳುವಾಗ ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಚುಚ್ಚಿದ್ದರೆ ಹೊರಗೆ ಒಂದು ಸಣ್ಣ ಕಂದಿದ ಗುರುತು ಮಾತ್ರ ಕಾಣಬಹುದು, ಒಳಗೆ ಗುಲ್ಮಕ್ಕೋ ಲಿವರಿಗೋ ಪೆಟ್ಟಾಗಿ ರಕ್ತ ಸೋರುತ್ತಿರಬಹುದು. ಮಕ್ಕಳಲ್ಲಿ ಇದು ಇನ್ನೂ ಜಾಸ್ತಿ, ಅವರು ಮನೆಯಲ್ಲಿ ಬೈಯುತ್ತಾರೆ ಅಂತ ಹೇಳುವುದೂ ಇಲ್ಲ. ಹೊಟ್ಟೆ ನೋವು ಏರುತ್ತಾ ಹೋದರೆ, ತಲೆಗೆ ಪೆಟ್ಟಾಗಿ ಪದೇ ಪದೇ ವಾಂತಿಯಾದರೆ, ಮಂಪರು ಬಂದರೆ, ಹೇಳಿದ್ದನ್ನೇ ಹೇಳುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುತ್ತದೆ. ಪೊಲೀಸರಿಗೆ 112. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ.

ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ, "ಏನಾಯ್ತು?" ಇಲ್ಲಿ ನೀವು ಕೊಡುವ ಉತ್ತರ ಬಹಳ ಮುಖ್ಯ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೋವಿನಲ್ಲಿ, ಅವಸರದಲ್ಲಿ, ಅಥವಾ ಪೊಲೀಸು ಗಿಲೀಸು ಯಾಕೆ ಅಂತ ಜೊತೆಗೆ ಬಂದವರು, "ಸೈಕಲ್ಲಿಂದ ಬಿದ್ದ ಸಾರ್" ಅಂದುಬಿಡುತ್ತಾರೆ. ಡಾಕ್ಟರು ಹಾಗೇ ಬರೆದುಕೊಳ್ಳುತ್ತಾರೆ, ತಾನಾಗಿ ಬಿದ್ದು ಆದ ಗಾಯ ಅಂತ. ಕೆಲವು ಕಡೆ ಸಿಬ್ಬಂದಿಯೇ "ಹಾಗೇ ಬರೀತೀವಿ, ನಿಮಗೂ ಸುಲಭ" ಅನ್ನುವುದೂ ಉಂಟು. ತಿಂಗಳುಗಳ ಮೇಲೆ ಪರಿಹಾರದ ಕೇಸು ನಡೆಯುವಾಗ ಎದುರು ಕಡೆಯ ವಕೀಲರು ಮೊದಲು ತೆಗೆದು ಓದುವುದೇ ಆ ಒಂದು ಸಾಲನ್ನು. ಆವತ್ತು ಗಾಡಿಯ ಮಾತೇ ಇರಲಿಲ್ಲ, ಈಗ ದುಡ್ಡಿಗಾಗಿ ಕಥೆ ಕಟ್ಟಿದ್ದಾರೆ ಅಂತ ವಾದ ಹೂಡುತ್ತಾರೆ. ಒಂದು ಸಾಲಿಗೆ ಒಂದು ಕೇಸೇ ಬಿದ್ದುಹೋಗಬಹುದು.

ಹಾಗಾಗಿ ಸ್ಪಷ್ಟವಾಗಿ ಹೇಳಿ. ಇಂಥ ಕಡೆ, ಇಷ್ಟು ಗಂಟೆಗೆ, ಹಿಂದಿನಿಂದ ಕಾರು ಗುದ್ದಿತು, ನಿಲ್ಲಿಸದೆ ಹೋಯಿತು, ಎಂಎಲ್‌ಸಿ ಮಾಡಿ. ಎಂಎಲ್‌ಸಿ ಅಂದರೆ ಆಸ್ಪತ್ರೆಯವರು ಇದನ್ನು ಪೊಲೀಸ್ ವಿಷಯ ಅಂತ ದಾಖಲಿಸಿ ಠಾಣೆಗೆ ತಿಳಿಸುವುದು. ಬರೆದದ್ದನ್ನು ಓದಿಸಿ ಕೇಳಿ. ಎಂಎಲ್‌ಸಿ ಆದರೆ ದುಡ್ಡು ಕಟ್ಟಿದ ಮೇಲೇ ಚಿಕಿತ್ಸೆ ಅಂತ ಯಾರಾದರೂ ಅಂದರೆ ಹೆದರಬೇಡಿ. ತುರ್ತು ಚಿಕಿತ್ಸೆಯನ್ನು ಮೊದಲು ಕೊಡಬೇಕು, ಕಾನೂನಿನ ಕೆಲಸ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಆಸ್ಪತ್ರೆಯಲ್ಲಿ ಸರಿಯಾಗಿ ಬರೆಸೋಕೆ ಇನ್ನೊಂದು ಕಾರಣವೂ ಇದೆ. 2025ರ ಮೇ ತಿಂಗಳಿಂದ ದೇಶದಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆ ಬಂದಿದೆ. ಮೋಟಾರು ವಾಹನದಿಂದ ಅಪಘಾತವಾದರೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ, ಅಪಘಾತದ ದಿನದಿಂದ 7 ದಿನದವರೆಗೆ ಚಿಕಿತ್ಸೆ. ಗುದ್ದಿದ ಗಾಡಿ ಸಿಕ್ಕಿರಲೇಬೇಕು ಅಂತಿಲ್ಲ, ಆದರೆ ಇದು ರಸ್ತೆ ಅಪಘಾತ ಅಂತ ಪೊಲೀಸರು ಖಚಿತಪಡಿಸಬೇಕು. "ತಾನಾಗಿ ಬಿದ್ದ" ಅಂತ ಬರೆಸಿದರೆ ಇದೂ ಕೈತಪ್ಪುತ್ತದೆ.

ಎಕ್ಸ್-ರೇ ಬೇಡ ಅನ್ನಬೇಡಿ. ಕಾನೂನಿನಲ್ಲಿ ಸಾಧಾರಣ ಗಾಯ, ತೀವ್ರ ಗಾಯ ಅಂತ ಎರಡಿವೆ. ಮೂಳೆ ಮುರಿದರೆ, ಹಲ್ಲು ಮುರಿದರೂ ಕೂಡ, ಅದು ತೀವ್ರ ಗಾಯ. 15 ದಿನ ತಡೆಯಲಾಗದ ನೋವಿದ್ದರೆ ಅಥವಾ ದಿನನಿತ್ಯದ ಕೆಲಸ ಮಾಡೋಕೆ ಆಗದಿದ್ದರೆ ಅದೂ ತೀವ್ರವೇ. ಮಣಿಕಟ್ಟಿನ ಸಣ್ಣ ಬಿರುಕು ಕಣ್ಣಿಗೆ ಕಾಣದು, ಫಿಲ್ಮಿನಲ್ಲಿ ಕಾಣುತ್ತದೆ. ಮುಂದೆ ಸಿಗುವ ಪರಿಹಾರ ಇದರ ಮೇಲೆ ನಿಂತಿರುತ್ತದೆ.

ಇನ್ನು ಠಾಣೆ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಅಪಘಾತದ ಕೇಸು ಸಂಚಾರ ಪೊಲೀಸ್ ಠಾಣೆಗೆ ಹೋಗುತ್ತದೆ, ಮಾಮೂಲಿ ಠಾಣೆಗಲ್ಲ. ಇದು ಗೊತ್ತಿಲ್ಲದೆ ಜನ ಅಲ್ಲಿಂದ ಇಲ್ಲಿಗೆ ಅಲೆಯುತ್ತಾರೆ. ನಮ್ಮ ವ್ಯಾಪ್ತಿ ಅಲ್ಲ ಅಂದರೆ, ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಕೊಡಬಹುದು ಅನ್ನುವುದು ಈಗ ಕಾನೂನಿನಲ್ಲೇ ಬರೆದಿದೆ, 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್. ಆನ್‌ಲೈನ್‌ನಲ್ಲಿ ಕೊಟ್ಟರೂ ನಡೆಯುತ್ತದೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ತೆಗೆದುಕೊಳ್ಳಿ. ಪೊಲೀಸರು ದೂರು ತೆಗೆದುಕೊಳ್ಳೋದೇ ಇಲ್ಲ ಅಂದರೆ ಅದನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಯವರಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

"ಗಾಡಿ ನಂಬರೇ ಇಲ್ಲ, ಯಾರ ಮೇಲೆ ಕೇಸ್ ಹಾಕೋಣ?" ಅಂತ ಕೆಲವರು ಕೇಳುತ್ತಾರೆ. ಅಪರಿಚಿತ ವಾಹನ, ಅಪರಿಚಿತ ಚಾಲಕ ಅಂತಲೇ ಎಫ್‌ಐಆರ್ ಆಗುತ್ತದೆ. ದೂರಿನಲ್ಲಿ ಗೊತ್ತಿಲ್ಲದ್ದನ್ನು ಊಹೆ ಮಾಡಿ ಬರೆಸಬೇಡಿ. ಯಾವುದೋ ನಂಬರ್ ಕೊಟ್ಟು ಆ ಗಾಡಿ ಆ ಹೊತ್ತಿಗೆ ಬೇರೆ ಊರಿನಲ್ಲಿತ್ತು ಅಂತಾದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಕೊನೆಯ ಎರಡು ಅಂಕಿ ಮಾತ್ರ ಗೊತ್ತಿದ್ದರೆ ಅಷ್ಟೇ ಬರೆಸಿ.

ಸಿಸಿಟಿವಿ ಬಗ್ಗೆ ಮಾತ್ರ ತಡ ಮಾಡಲೇಬೇಡಿ. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆಯ ಪ್ರಕಾರ ಜನ ಜಾಸ್ತಿ ಬರುವ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯವನ್ನು 30 ದಿನ ಇಟ್ಟಿರಬೇಕು. ಸಣ್ಣ ಅಂಗಡಿಯ ಕ್ಯಾಮೆರಾ ವಾರದಲ್ಲೇ ಹಳೆಯದರ ಮೇಲೆ ಹೊಸದು ಬರೆದುಕೊಂಡಿರುತ್ತದೆ. ಮನೆಯವರೋ ಸ್ನೇಹಿತರೋ ಆವತ್ತೇ ಆ ರಸ್ತೆಯಲ್ಲಿ ನಡೆದು, ಪೆಟ್ರೋಲ್ ಬಂಕ್, ಎಟಿಎಂ, ಮೆಡಿಕಲ್ ಶಾಪು, ಗೇಟಿನ ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಿ ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೊಡಲಿ. ಗುದ್ದಿದ ಜಾಗದಲ್ಲೇ ಕ್ಯಾಮೆರಾ ಇರಬೇಕಿಲ್ಲ, ಮುಂದಿನ ಸರ್ಕಲ್ಲಿನಲ್ಲಿ ಒಡೆದ ಲೈಟಿನ ಗಾಡಿ ಕಂಡರೂ ಸಾಕು. ಅಂಗಡಿಯವರನ್ನು ವಿನಯವಾಗಿ ಕೇಳಿ, ಅವರಿಗೂ ಇದು ಸುಮ್ನೆ ತಲೆನೋವು.

ಸೈಕಲ್ಲು? ಸ್ಥಳ ಮಹಜರು ಆಗುವ ತನಕ ರಿಪೇರಿ ಮಾಡಿಸಬೇಡಿ. ಹಿಂದಿನ ಚಕ್ರ ಸೊಟ್ಟಗಾಗಿದ್ದರೆ ಹಿಂದಿನಿಂದ ಗುದ್ದಿದ್ದಕ್ಕೆ ಅದೇ ಸಾಕ್ಷಿ. ಎಡಬಲ, ಹಿಂದೆ ಮುಂದೆ ಫೋಟೋ ತೆಗೆಸಿ, ಬೇರೆ ಗಾಡಿಯ ಬಣ್ಣ ಎಲ್ಲಾದರೂ ಅಂಟಿದ್ದರೆ ಒರೆಸಬೇಡಿ. ಹರಿದ ಬಟ್ಟೆಯನ್ನು ಒಗೆಯದೆ ಒಂದು ಕವರಿನಲ್ಲಿಡಿ. ಪೆಟ್ಟು ತಿಂದ ಹೆಲ್ಮೆಟ್ಟನ್ನು ಎಸೆಯಬೇಡಿ, ಮತ್ತೆ ಹಾಕಿಕೊಳ್ಳಲೂ ಬೇಡಿ, ಅದು ಒಂದೇ ಪೆಟ್ಟಿಗೆ ಮಾಡಿದ್ದು. ವಾಚಿನಲ್ಲೋ ಆ್ಯಪ್‌ನಲ್ಲೋ ಸವಾರಿ ದಾಖಲಾಗಿದ್ದರೆ ಅಳಿಸಬೇಡಿ, ಎಷ್ಟು ಗಂಟೆಗೆ ಎಲ್ಲಿ ನಿಂತಿರಿ ಅನ್ನುವುದು ಅದರಲ್ಲಿದೆ. ಹೊಸ ಸೈಕಲ್ ಕೊಂಡ ಬಿಲ್ಲು ಹುಡುಕಿಡಿ.

ಈಗ ದುಡ್ಡಿನ ಮಾತಿಗೆ ಬರೋಣ. ಗಾಡಿ ಸಿಕ್ಕರೆ ಒಂದು ದಾರಿ, ಸಿಗದಿದ್ದರೆ ಇನ್ನೊಂದು. ಸಿಕ್ಕರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆಸ್ಪತ್ರೆ ಖರ್ಚು, ಕೆಲಸಕ್ಕೆ ಹೋಗದೆ ಕಳೆದುಕೊಂಡ ಕೂಲಿ, ನೋವು, ಮುಂದಿನ ದುಡಿಮೆಗೆ ಆದ ತೊಂದರೆ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ, ವಿಮೆ ಇದ್ದರೆ ಕಂಪನಿ ಕೊಡುತ್ತದೆ. ನೀವು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ಗಡುವು 2022ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಗಾಡಿ ಸಿಕ್ಕ ಮೇಲೆ ಮಾಲೀಕರು ಬಂದು "ಐದು ಸಾವಿರ ತಗೊಳ್ಳಿ, ಕೇಸ್ ವಾಪಸ್ ತಗೊಳ್ಳಿ" ಅನ್ನುತ್ತಾರೆ. ಡಾಕ್ಟರು ಪೂರ್ತಿ ವಾಸಿಯಾಯಿತು ಅನ್ನುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಗಾಡಿ ಸಿಗದೇ ಹೋದರೆ ಮೋಟಾರು ವಾಹನ ಕಾಯ್ದೆಯ 161ನೇ ಸೆಕ್ಷನ್. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ. 2022ಕ್ಕೆ ಮುಂಚೆ ಇದು 25,000 ಮತ್ತು 12,500 ಇತ್ತು. ಅರ್ಜಿಯನ್ನು ಅಪಘಾತವಾದ ತಾಲೂಕಿನ ಕ್ಲೇಮ್ಸ್ ವಿಚಾರಣಾಧಿಕಾರಿಗೆ ಕೊಡಬೇಕು, ಎಲ್ಲಿ ಅಂತ ಗೊತ್ತಾಗದಿದ್ದರೆ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. ಜೊತೆಗೆ ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಗುರುತಿನ ಚೀಟಿ, ಪಾಸ್‌ಬುಕ್ ಪ್ರತಿ. ಅವರು ವರದಿ ಕೊಟ್ಟ ಮೇಲೆ ಜಿಲ್ಲಾ ಮಟ್ಟದಲ್ಲಿ ಮಂಜೂರಾಗಿ ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಸಾಧಾರಣ ಗಾಯಕ್ಕೆ ಇದರಲ್ಲಿ ಏನೂ ಇಲ್ಲ. ವಾರಗಟ್ಟಲೆ ಕೂಲಿ ಕಳೆದುಕೊಂಡವರಿಗೆ ಇದು ಅನ್ಯಾಯ ಅಂತ ನನಗನ್ನಿಸುತ್ತದೆ, ಆದರೆ ಈಗಿರುವುದು ಹೀಗೆ.

ಗಾಡಿ ಸಿಗದಿದ್ದರೂ ಪರಿಹಾರ ಕೊಡುವ ಈ ಯೋಜನೆ ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಪೊಲೀಸರಿಗೆ ಹೇಳಿತು, ಕೇಸು ದಾಖಲಾಗಿ ಒಂದು ತಿಂಗಳಾದರೂ ಗಾಡಿಯ ವಿವರ ಸಿಗದಿದ್ದರೆ ಗಾಯಾಳುವಿಗೆ ಈ ಯೋಜನೆಯ ಬಗ್ಗೆ ಬರವಣಿಗೆಯಲ್ಲಿ ತಿಳಿಸಿ ಅಂತ. ನಿಮಗೆ ಆ ಪತ್ರ ಬಂದಿಲ್ಲವೇ? ಠಾಣೆಗೆ ಹೋಗಿ ಕೇಳಿ. ಗಾಡಿ ಪತ್ತೆಯಾಗಲಿಲ್ಲ ಅಂತ ಪೊಲೀಸರು ಸಿ ರಿಪೋರ್ಟ್ ಹಾಕಿದ್ದರೆ ಅದರ ಪ್ರತಿಯನ್ನೂ ಇಟ್ಟುಕೊಳ್ಳಿ. 50,000 ಸಿಕ್ಕ ಮೇಲೆ ಗಾಡಿ ಪತ್ತೆಯಾದರೂ ನ್ಯಾಯಮಂಡಳಿಗೆ ಹೋಗಬಹುದು, ಅಲ್ಲಿ ಸಿಗುವ ಹಣದಲ್ಲಿ ಮೊದಲು ಪಡೆದದ್ದನ್ನು ಹೊಂದಿಸಿಕೊಳ್ಳುತ್ತಾರೆ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅನ್ನುವವರು ಪೆನ್ನಿದ್ದರೆ ಒಂದು ನಂಬರ್ ಬರೆದುಕೊಳ್ಳಿ, 15100. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಇದು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಕಾರ್ಖಾನೆ ಕಾರ್ಮಿಕರು, ಆದಾಯ ಕಡಿಮೆ ಇರುವವರು, ಇವರಿಗೆಲ್ಲ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ತಾಲೂಕು ಕೋರ್ಟಿನ ಆವರಣದಲ್ಲೇ ಇವರ ಕಚೇರಿ ಇರುತ್ತದೆ. ಹೋಗುವಾಗ ಎಫ್‌ಐಆರ್ ಮತ್ತು ಆಸ್ಪತ್ರೆಯ ಚೀಟಿ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ.