ರನ್ ಮಾಡುವ ಮುಂಚೆ ಓದಿದಿರಾ?

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಮಾತು, ಅದೂ ಮೈಗ್ರೇಷನ್ ಬಗ್ಗೆ, ಅಂದರೆ ಡೇಟಾಬೇಸ್‌ನ ರಚನೆ ಬದಲಾಯಿಸುವ ಸ್ಕ್ರಿಪ್ಟನ್ನು ರನ್ ಮಾಡುವ ಮುಂಚೆ ಓದುವುದರ ಬಗ್ಗೆ. ಯಾರಾದರೂ ತೂಕಡಿಸಿದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಗ್ರಾಹಕರ ಟೇಬಲ್ ಒಂದಿದೆ ಅಂದುಕೊಳ್ಳಿ. ಅದರಲ್ಲಿ ‘ಫೋನ್’ ಅಂತ ಒಂದು ಕಾಲಂ. ಲ್ಯಾಂಡ್‌ಲೈನ್ ಯಾರ ಹತ್ತಿರ ಇದೆ ಈಗ, ಅಲ್ವಾ? ಹಾಗಾಗಿ ಕೋಡ್‌ನಲ್ಲಿ ಅದರ ಹೆಸರನ್ನು ‘ಮೊಬೈಲ್’ ಅಂತ ಬದಲಾಯಿಸಿದಿರಿ. ಆಮೇಲೆ ಅಲೆಂಬಿಕ್ ಅನ್ನುವ ಮೈಗ್ರೇಷನ್ ಟೂಲ್‌ಗೆ ಹೇಳಿದಿರಿ, ಮೈಗ್ರೇಷನ್ ನೀನೇ ಬರೆದುಕೊಡು ಅಂತ. ಅದು ಎರಡು ಸಾಲು ಬರೆದುಕೊಡುತ್ತದೆ. ‘ಮೊಬೈಲ್’ ಕಾಲಂ ಸೇರಿಸು. ‘ಫೋನ್’ ಕಾಲಂ ಡ್ರಾಪ್ ಮಾಡು, ಅಂದರೆ ತೆಗೆದುಹಾಕು.

ನೋಡಲು ಸರಿಯಾಗಿಯೇ ಇದೆ. ಟೆಸ್ಟ್ ಡೇಟಾಬೇಸ್‌ನಲ್ಲಿ ರನ್ ಆಗುತ್ತದೆ, ಟೆಸ್ಟ್‌ಗಳೆಲ್ಲ ಪಾಸ್. ಪ್ರೊಡಕ್ಷನ್‌ನಲ್ಲೂ, ಅಂದರೆ ಗ್ರಾಹಕರ ನಿಜವಾದ ಡೇಟಾ ಇರುವಲ್ಲೂ, ಸಲೀಸಾಗಿ ರನ್ ಆಗುತ್ತದೆ, ಒಂದು ಎರರ್ ಕೂಡ ಬರುವುದಿಲ್ಲ. ಸುಮ್ನೆ ಎಲ್ಲ ಗ್ರಾಹಕರ ನಂಬರ್ ಹೋಗಿರುತ್ತದೆ, ಅಷ್ಟೇ.

ಟೂಲ್‌ನದು ತಪ್ಪು ಅಂತ ನಾನು ಹೇಳುವುದಿಲ್ಲ. ಅದರ ಕೈಯಲ್ಲಿ ಇರುವುದು ಎರಡು ಚಿತ್ರ: ಡೇಟಾಬೇಸ್ ಈಗ ಹೇಗಿದೆ, ಕೋಡ್ ಪ್ರಕಾರ ಹೇಗಿರಬೇಕು. ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಹೆಸರು ಬದಲಾಯಿಸಿದ್ದು ನಿಮ್ಮ ಮನಸ್ಸಿನಲ್ಲಿತ್ತು, ಎರಡೂ ಚಿತ್ರದಲ್ಲಿ ಇರಲಿಲ್ಲ. ಅಲೆಂಬಿಕ್‌ನವರು ಇದನ್ನು ತಮ್ಮ ಕೈಪಿಡಿಯಲ್ಲೇ ಬರೆದುಕೊಂಡಿದ್ದಾರೆ. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ ಸ್ವಲ್ಪ ಜಾಣ. ಹೆಸರು ಬದಲಾಯಿಸಿದಿರಾ ಅಂತ ಕೇಳುತ್ತದೆ. ಆದರೆ ಸುಮ್ನೆ ಎಂಟರ್ ಒತ್ತಿದರೆ ‘ಇಲ್ಲ’ ಅಂತಲೇ ಲೆಕ್ಕ. ಬರುವ ಪ್ರಶ್ನೆಗೆಲ್ಲ ಎಂಟರ್ ಒತ್ತುತ್ತಾ ಹೋಗುವ ಜನ ನಾವು.

‘ಡೌನ್‌ಗ್ರೇಡ್ ಇದೆಯಲ್ಲ ಸರ್’ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಇದೆ. ಮೈಗ್ರೇಷನ್ ಹಿಂದಕ್ಕೆ ತಿರುಗಿಸುವ ಆ ಕಮಾಂಡ್ ‘ಫೋನ್’ ಕಾಲಂ ವಾಪಸ್ ತರುತ್ತದೆ, ಖಾಲಿ ಕಾಲಂ. ಪಾತ್ರೆ ಬಂತು, ಸಾರು ಚೆಲ್ಲಿ ಹೋಯಿತು.

ಇಲ್ಲಿ ಬೇಕಾಗಿದ್ದು ‘ರಿನೇಮ್ ಕಾಲಂ’ ಅನ್ನುವ ಒಂದೇ ಸಾಲು. ಅದೂ ಸೈಟ್ ಓಡುತ್ತಿರುವಾಗ ಅಪಾಯವೇ, ಯಾಕೆಂದರೆ ಹಳೇ ಕೋಡ್ ಇನ್ನೂ ‘ಫೋನ್’ ಅಂತಲೇ ಹುಡುಕುತ್ತಿರುತ್ತದೆ. ದೊಡ್ಡ ಟೇಬಲ್ ಆದರೆ ನಾನು ಹೊಸ ಕಾಲಂ ಸೇರಿಸಿ, ಎರಡಕ್ಕೂ ಬರೆಯುವ ಕೋಡ್ ಹಾಕಿ, ಹಳೇ ಡೇಟಾವನ್ನು ಸ್ವಲ್ಪ ಸ್ವಲ್ಪವೇ ಕಾಪಿ ಮಾಡುತ್ತೇನೆ. ಡ್ರಾಪ್ ಮಾಡುವುದು ಎರಡು ವಾರ ಬಿಟ್ಟು, ಬೇರೆಯದೇ ಮೈಗ್ರೇಷನ್‌ನಲ್ಲಿ.

ಈಗ ನನ್ನದೇ ಒಂದು ಕಥೆ. ಕಂಪನಿ ಹೆಸರು ಬೇಡ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಆರ್ಡರ್‌ಗಳ ಟೇಬಲ್‌ಗೆ ಒಂದು ಕಾಲಂ ಸೇರಿಸಬೇಕಿತ್ತು. ಕಮಾಂಡನ್ನು ಇಬ್ಬರು ಓದಿದ್ದೆವು, ಅದರಲ್ಲಿ ತಪ್ಪೇನೂ ಇರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ರನ್ ಮಾಡಿದೆ. ಸೈಟ್ ನಿಂತುಹೋಯಿತು.

ಆಗಿದ್ದು ಇಷ್ಟು. ಕಿರಿದಾದ ಗಲ್ಲಿ ಅಂದುಕೊಳ್ಳಿ. ಒಳಗೆ ಒಂದು ಆಟೋ ನಿಂತು ಸಾಮಾನು ಇಳಿಸುತ್ತಿದೆ, ಪಕ್ಕದಲ್ಲಿ ಬೈಕ್‌ಗಳು ನುಸುಳಿ ಹೋಗುತ್ತಿವೆ. ಆಗ ಒಂದು ಜೆಸಿಬಿ ಬಂತು. ಅದಕ್ಕೆ ಇಡೀ ಗಲ್ಲಿ ಬೇಕು. ಆಟೋ ಹೋಗಲಿ ಅಂತ ಅದು ಗಲ್ಲಿಯ ಬಾಯಲ್ಲೇ ಕಾಯುತ್ತಾ ನಿಂತಿತು. ಈಗ ಬೈಕ್‌ಗಳೂ ಒಳಗೆ ಹೋಗುವಂತಿಲ್ಲ. ನಮ್ಮ ಆಟೋ ಅಂದರೆ ಅರ್ಧ ಗಂಟೆಯಿಂದ ಓಡುತ್ತಿದ್ದ ಒಂದು ರಿಪೋರ್ಟ್ ಕ್ವೆರಿ. ಜೆಸಿಬಿ ಅಂದರೆ ಕಾಲಂ ಸೇರಿಸುವ ನನ್ನ ‘ಆಲ್ಟರ್ ಟೇಬಲ್’ ಕಮಾಂಡ್. ಅದರ ಹಿಂದೆ ಸಾಲುಗಟ್ಟಿದ್ದು ಗ್ರಾಹಕರ ಆರ್ಡರ್‌ಗಳು.

ಅವತ್ತಿನಿಂದ ಯಾರ ಸ್ಕ್ರಿಪ್ಟ್ ಓದಿದರೂ ಮೊದಲು ನೋಡುವುದು ‘ಲಾಕ್ ಟೈಮೌಟ್’, ಅಂದರೆ ಟೇಬಲ್ ತನ್ನ ಕೈಗೆ ಸಿಗಲಿ ಅಂತ ಎಷ್ಟು ಹೊತ್ತು ಕಾಯಬೇಕು ಅನ್ನುವ ಗಡುವು, ಇದೆಯಾ ಅಂತ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಮೊದಲಿಗೆ ಸೊನ್ನೆ ಇರುತ್ತದೆ, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತಾ ನಿಂತಿರು ಅಂತ. ಮೂರು ಸೆಕೆಂಡ್ ಅಂತ ಹಾಕಿದರೆ ಜೆಸಿಬಿ ಹಿಂದೆ ಸರಿದು ದಾರಿ ಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿದರಾಯಿತು.

ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಹುಡುಕಾಟ ಬೇಗ ಆಗಲಿ ಅಂತ ಇಂಡೆಕ್ಸ್ ಮಾಡುತ್ತೇವಲ್ಲ, ಆ ಮಾಮೂಲಿ ‘ಕ್ರಿಯೇಟ್ ಇಂಡೆಕ್ಸ್’ ಮುಗಿಯುವ ತನಕ ಆ ಟೇಬಲ್‌ಗೆ ಯಾರೂ ಬರೆಯುವಂತಿಲ್ಲ. ‘ಕನ್‌ಕರೆಂಟ್ಲಿ’ ಸೇರಿಸಿದರೆ ಬರೆಯಬಹುದು, ಆದರೆ ಅದು ಟ್ರಾನ್ಸಾಕ್ಷನ್ ಒಳಗೆ, ಅಂದರೆ ಆದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಕಟ್ಟಿನೊಳಗೆ, ಓಡುವುದಿಲ್ಲ. ಮಧ್ಯದಲ್ಲಿ ಕೆಟ್ಟರೆ ಕೆಲಸಕ್ಕೆ ಬಾರದ ಇಂಡೆಕ್ಸ್ ಅಲ್ಲೇ ಉಳಿಯುತ್ತದೆ, ನೀವೇ ತೆಗೆಯಬೇಕು. ಡೀಫಾಲ್ಟ್ ಮೌಲ್ಯದ ಜೊತೆ ಕಾಲಂ ಸೇರಿಸಿದರೆ ಹಿಂದೆಲ್ಲ ಇಡೀ ಟೇಬಲ್ ಮತ್ತೆ ಬರೆಯಬೇಕಾಗುತ್ತಿತ್ತು. 2018ರಲ್ಲಿ ಬಂದ ಪೋಸ್ಟ್‌ಗ್ರೆಸ್ 11ರಿಂದ, ಆ ಮೌಲ್ಯ ಸ್ಥಿರವಾಗಿದ್ದರೆ ಆ ತಾಪತ್ರಯವಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸುವವರು ಇನ್ನೊಂದು ನೆನಪಿಡಿ: ಅಲ್ಲಿ ಪ್ರತಿ ‘ಆಲ್ಟರ್’ ತಾನೇ ಕಮಿಟ್, ಅಂದರೆ ಖಾಯಂ, ಆಗಿಬಿಡುತ್ತದೆ. ಐದರಲ್ಲಿ ಮೂರನೆಯದು ಕೆಟ್ಟರೆ ಮೊದಲೆರಡು ಆಗಿಹೋಗಿವೆ, ರೋಲ್‌ಬ್ಯಾಕ್ ಅಂತ ಕೂಗಿದರೂ ವಾಪಸ್ ಬರುವುದಿಲ್ಲ.

ಓದುವುದು ಎಲ್ಲಿ ಅಂದರೆ, ಟೂಲ್ ಬರೆದ ಪೈಥಾನ್ ಫೈಲ್ ಮಾತ್ರ ನೋಡಿದರೆ ಸಾಲದು. ಡೇಟಾಬೇಸ್‌ಗೆ ಹೋಗುವ ನಿಜವಾದ ಎಸ್‌ಕ್ಯೂಎಲ್ ಕಮಾಂಡ್ ತೆಗೆಸಿ. ಜಾಂಗೋದಲ್ಲಿ ‘ಎಸ್‌ಕ್ಯೂಎಲ್‌ಮೈಗ್ರೇಟ್’, ಲಿಕ್ವಿಬೇಸ್ ಅನ್ನುವ ಇನ್ನೊಂದು ಮೈಗ್ರೇಷನ್ ಟೂಲ್‌ನಲ್ಲಿ ‘ಅಪ್‌ಡೇಟ್-ಎಸ್‌ಕ್ಯೂಎಲ್’. ಎರಡೂ ಏನನ್ನೂ ಬದಲಾಯಿಸದೆ ಕಮಾಂಡ್ ಮಾತ್ರ ಬರೆದು ತೋರಿಸುತ್ತವೆ. ಅದನ್ನು ರಿವ್ಯೂಗೆ ಅಂಟಿಸಿ, ಪಕ್ಕದಲ್ಲೇ ಆ ಟೇಬಲ್‌ನಲ್ಲಿ ಎಷ್ಟು ಸಾಲು ಇವೆ ಅಂತಲೂ ಬರೆಯಿರಿ. ಸಾವಿರ ಸಾಲಿಗೆ ಸರಿ ಇರುವ ಕಮಾಂಡ್ ಹತ್ತು ಕೋಟಿ ಸಾಲಿಗೆ ಸರಿ ಇರಬೇಕಂತೇನಿಲ್ಲ.

ಮಾತು ಸಾಕು. ಪರದೆ ಮೇಲೆ ಹನ್ನೆರಡು ಸಾಲಿನ ಸ್ಕ್ರಿಪ್ಟ್ ಹಾಕಿದ್ದೇನೆ, ಟೂಲ್ ಬರೆದದ್ದು. ಇದರಲ್ಲಿ ಎರಡು ಕಡೆ ಎಡವಟ್ಟಿದೆ. ಒಂದರಲ್ಲಿ ಡೇಟಾ ಹೋಗುತ್ತದೆ, ಇನ್ನೊಂದರಲ್ಲಿ ಸೈಟ್ ನಿಲ್ಲುತ್ತದೆ. ಹಿಂದಿನ ಸಾಲಿನವರಿಗೆ ಅಕ್ಷರ ಕಾಣುತ್ತಿದೆಯಾ?