ಅಮ್ಮನ ಕೀಪ್ಯಾಡ್ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ ಯಾಕೆ?

(ತೆರೆಯ ಮೇಲೆ: ಹಳೇ ಕಪ್ಪು ಫೋನು, ಡಯಲ್ ತೂತಿಗೆ ಪುಟ್ಟ ಬೀಗ)

ನಮಸ್ಕಾರ. ಈ ಬೀಗ ಎಷ್ಟು ಜನಕ್ಕೆ ನೆನಪಿದೆ? ನಮ್ಮನೇಲಿ ಇತ್ತು. ಎರಡು ತಿಂಗಳಿಗೊಮ್ಮೆ ಬಿಲ್ ಬರೋದು, ಅಪ್ಪ ಊಟಕ್ಕೆ ಕೂತಾಗ ಅದನ್ನ ಗಟ್ಟಿಯಾಗಿ ಓದೋರು, ಯಾರು ಎಸ್‌ಟಿಡಿ ಮಾಡಿದ್ದು ಅಂತ ವಿಚಾರಣೆ ನಡೆಯೋದು, ಮಾರನೇ ದಿನ ಡಯಲ್‌ಗೆ ಬೀಗ ಬೀಳೋದು.

ಈಗ ಆ ಬಿಲ್ಲೇ ಬರಲ್ಲ. ಅಣ್ಣ ಒಂದು ದಿನ ರೀಚಾರ್ಜ್ ಮಾಡಿಸ್ತಾನೆ, ಅತ್ತಿಗೆ ಇನ್ನೊಂದು ದಿನ, ಅಮ್ಮಂದು ಪೇಟೆಗೆ ಹೋದವರು ಯಾರೋ ಮಾಡಿಸ್ಕೊಂಡು ಬರ್ತಾರೆ. ಕೂಡಿಸಿ ನೋಡೋರು ಯಾರೂ ಇಲ್ಲ. ಯುಗಾದಿಗೆ ಊರಿಗೆ ಹೋದಾಗ ನಾನು ಒಂದು ಹಾಳೆ ತಗೊಂಡು ಬರೆದೆ: ಯಾರ ಸಿಮ್, ಯಾವ ಪ್ಯಾಕ್, ಎಷ್ಟು ದಿನ, ಅದರಲ್ಲಿ ಅವರು ನಿಜವಾಗಿ ಬಳಸೋದು ಏನು. ಕೊನೇ ಕಾಲಮ್ ಬರೆಯುವಾಗ ಅಮ್ಮನ ಸಾಲಿಗೆ ಬಂದು ನಿಂತುಬಿಟ್ಟೆ.

(ತೆರೆಯ ಮೇಲೆ: ಕೀಪ್ಯಾಡ್ ಫೋನು)

ಅಮ್ಮನ ಫೋನು ಇದು. ಹಸಿರು ಗುಂಡಿ ಒತ್ತಿದ್ರೆ ಮಾತು, ಕೆಂಪು ಒತ್ತಿದ್ರೆ ಮುಗೀತು. ಅದಕ್ಕೆ ದಿನಕ್ಕೆ ಒಂದೂವರೆ ಜಿಬಿ ಇಂಟರ್‌ನೆಟ್ ಇರೋ ಪ್ಯಾಕು! ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅಂಗಡಿಯವರನ್ನ ಕೇಳಿದ್ರೆ "ಎಲ್ಲರೂ ಇದನ್ನೇ ಹಾಕಿಸೋದು ಮೇಡಂ" ಅಂದ್ರು.

ಬರೀ ಮಾತಿಗೆ, ಎಸ್ಸೆಮ್ಮೆಸ್ಸಿಗೆ ಅಂತಲೇ ಪ್ಯಾಕ್ ಇದೆ. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, ಡೇಟಾ ಇಲ್ಲದ ಪ್ಯಾಕ್ ಇಡಲೇಬೇಕು ಅಂತ ಕಂಪನಿಗಳಿಗೆ ನಿಯಮ ಮಾಡಿತು. ಇಂಥ ಪ್ಯಾಕಿನ ಅವಧಿ 90 ದಿನ ದಾಟೋ ಹಾಗಿರಲಿಲ್ಲ, ಅದನ್ನ 365 ದಿನದವರೆಗೆ ಏರಿಸಿತು. 2025ರ ಜನವರಿಯಲ್ಲಿ ಪ್ಯಾಕ್‌ಗಳು ಬಂದ್ವು. ಆಗ ಏರ್‌ಟೆಲ್‌ನದು 365 ದಿನಕ್ಕೆ 1849 ರೂಪಾಯಿ, ಜಿಯೋದು 336 ದಿನಕ್ಕೆ 1748. ದರ ಬದಲಾಗ್ತಾ ಇರುತ್ತೆ, ಹಾಕಿಸೋ ದಿನ ಒಮ್ಮೆ ನೋಡ್ಕೊಳ್ಳಿ.

ಡೇಟಾ ಪ್ಯಾಕು 28 ದಿನಕ್ಕೆ 300 ರೂಪಾಯಿ ಅಂತ ಇಟ್ಕೊಂಡ್ರೂ ವರ್ಷಕ್ಕೆ 3900 ಆಗುತ್ತೆ. ಅಂದ್ರೆ ಅಮ್ಮನ ಒಂದೇ ಫೋನಲ್ಲಿ ಎರಡು ಸಾವಿರದ ಮೇಲೆ ಉಳೀತು. ಈ ಪ್ಯಾಕನ್ನ ಆ್ಯಪಲ್ಲಿ ಹುಡುಕೋದೇ ಒಂದು ಕೆಲಸ. ನನಗೆ ಸಿಕ್ಕಿದ್ದು ಪುಟದ ತೀರಾ ಕೆಳಗೆ, ಕ್ರಿಕೆಟ್ ಜಾಹೀರಾತೆಲ್ಲ ದಾಟಿದ ಮೇಲೆ.

ಸ್ಮಾರ್ಟ್‌ಫೋನ್ ಇಟ್ಕೊಂಡಿರೋ ಹಿರಿಯರಿಗೂ ಇದು ಸಾಕಾಗಬಹುದು. ಹೊರಗೆ ಹೋಗೋದು ಕಡಿಮೆ, ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್ ಮನೆ ವೈಫೈಯಲ್ಲೇ ಅಂದ್ರೆ ಬೇರೆ ಡೇಟಾ ಯಾಕೆ?

(ತೆರೆಯ ಮೇಲೆ: 300 × 13 = 3900)

300ನ್ನ 12ರಿಂದ ಯಾಕೆ ಗುಣಿಸಲಿಲ್ಲ ಅಂತ ಕೇಳ್ತೀರಿ. 28 ದಿನದ ತಿಂಗಳು ನಮ್ಮ ಪಂಚಾಂಗದಲ್ಲಿ ಇಲ್ಲ, ಕಂಪನಿಗಳ ಪಂಚಾಂಗದಲ್ಲಿ ಇದೆ. 365ನ್ನ 28ರಿಂದ ಭಾಗಿಸಿ, 13 ಸಲ ರೀಚಾರ್ಜು. ಮೂರು ತಿಂಗಳದ್ದು ಅಂತ ನಾವು ತಿಳ್ಕೊಳ್ಳೋ ಪ್ಯಾಕು 84 ದಿನ. ಆಗಲೇ ಹೇಳಿದ 336 ಕೂಡ 28ರ ಹನ್ನೆರಡು ಪಟ್ಟು, ವರ್ಷಕ್ಕೆ 29 ದಿನ ಕಮ್ಮಿ. 2022ರಲ್ಲೇ ಟ್ರಾಯ್, 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಬರೋದೊಂದು ಪ್ಯಾಕ್ ಇಡಿ ಅಂತ ಹೇಳಿದೆ. ಅದು ಯಾವಾಗಲೂ ಅಗ್ಗ ಅಂತಲ್ಲ. ಬೆಲೆಯನ್ನ ದಿನದಿಂದ ಭಾಗಿಸಿ ನೋಡಿ, ಅಷ್ಟೇ ಲೆಕ್ಕ.

ಅಣ್ಣನ ಫೋನಲ್ಲಿ ಎರಡು ಸಿಮ್. ಎರಡನೇದು ಬ್ಯಾಂಕ್ ಓಟಿಪಿಗೆ ಮಾತ್ರ. "ಬಿಟ್ಟುಬಿಡು" ಅನ್ನೋದು ಸುಲಭ, ಆದ್ರೆ ದುಡುಕಬೇಡಿ. ಬಿಟ್ಟ ನಂಬರನ್ನ 90 ದಿನ ಆದ ಮೇಲೆ ಬೇರೆಯವರಿಗೆ ಕೊಡಬಹುದು. ಮೊದಲು ಬ್ಯಾಂಕು, ಆಧಾರ್, ಗ್ಯಾಸ್, ಎಲ್ಲಾ ಕಡೆ ನಂಬರ್ ಬದಲಾಯಿಸಿ, ಆಮೇಲೆ ಸಿಮ್ ಬಿಡಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸಂಚಾರ್ ಸಾಥಿ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಕಾಣುತ್ತೆ. ಮರೆತುಹೋದದ್ದೂ ಒಂದೆರಡು ಅಲ್ಲಿ ಸಿಗಬಹುದು.

ಕೇಳದೆ ಕಾಲರ್ ಟ್ಯೂನ್ ಅಂಟಿಕೊಂಡು ಬ್ಯಾಲೆನ್ಸ್ ಕರಗ್ತಾ ಇದ್ರೆ 155223ಗೆ ಫೋನ್ ಮಾಡಿ ತೆಗೆಸಿ.

ವೈಫೈ ಜಾಹೀರಾತಲ್ಲಿ 499 ಅಂತ ದಪ್ಪಕ್ಷರದಲ್ಲಿ ಇರುತ್ತೆ, ಕಟ್ಟೋದು 588 ರೂಪಾಯಿ 82 ಪೈಸೆ. ಶೇಕಡಾ 18 ಜಿಎಸ್‌ಟಿ ಮೇಲೆ ಬೀಳುತ್ತೆ. ಪ್ರೀಪೇಯ್ಡ್ ದರದಲ್ಲಿ ತೆರಿಗೆ ಸೇರಿಯೇ ಇರೋದು, ಹಾಗಾಗಿ ಎರಡನ್ನ ಪಕ್ಕಪಕ್ಕ ಇಟ್ಟು ನೋಡುವಾಗ ಮೋಸ ಹೋಗಬೇಡಿ.

ಫೈಬರ್ ಹಾಕಿಸಿದ್ರೆ ಬಹಳ ಕಡೆ ಲ್ಯಾಂಡ್‌ಲೈನೂ ಅದರ ಜೊತೆಗೇ ಬರುತ್ತೆ, ಹಳೇ ತಾಮ್ರದ ಲೈನಿಗೆ ಬೇರೆ ಬಾಡಿಗೆ ಕಟ್ಟಬೇಕಿಲ್ಲ. ಆ ಲೈನ್ ವಾಪಸ್ ಕೊಡುವಾಗ ಡಿಪಾಸಿಟ್ ಕೇಳಿ ಪಡ್ಕೊಳ್ಳಿ. ಮಲೆನಾಡಿನವರಿಗೆ ಒಂದು ಮಾತು: ತಾಮ್ರದ ಲೈನಿಗೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರ್ತಿತ್ತು, ಮಳೆಗಾಲದಲ್ಲಿ ಊರೆಲ್ಲ ಕತ್ತಲಾದ್ರೂ ಫೋನ್ ಬಡ್ಕೊಳ್ತಿತ್ತು. ಫೈಬರ್ ಪೆಟ್ಟಿಗೆಗೆ ಮನೆ ಕರೆಂಟೇ ಬೇಕು. ಅದನ್ನ ಯುಪಿಎಸ್‌ಗೆ ಸೇರಿಸದೆ ಹಳೇ ಲೈನ್ ತೆಗೆಸಬೇಡಿ.

ಕೊನೇದಾಗಿ, ಕಂಪನಿ ಬದಲಾಯಿಸೋದು. ಪೋರ್ಟ್ ಅಂತ ಇಂಗ್ಲಿಷಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಗೆ ಮೆಸೇಜ್ ಮಾಡಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಉಳಿದ ಬ್ಯಾಲೆನ್ಸ್ ಹೊಸ ಕಡೆ ಬರಲ್ಲ, ಪ್ಯಾಕ್ ಮುಗಿಯೋ ಹೊತ್ತಿಗೆ ಹೊರಡಿ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಬಿಎಸ್‌ಎನ್‌ಎಲ್ ಏರಿಸಲಿಲ್ಲ ಅಂತ ನಮ್ಮೂರಲ್ಲೂ ಸುಮಾರು ಜನ ಅತ್ತ ಹೋದ್ರು. ಅತ್ತಿಗೆಯೂ ಹೊರಟಿದ್ಲು. ನಾನು ಪಕ್ಕದ ಮನೆಯವರ ಬಿಎಸ್‌ಎನ್‌ಎಲ್ ಸಿಮ್ ಒಂದು ದಿನದ ಮಟ್ಟಿಗೆ ಈಸ್ಕೊಂಡು ಅವಳ ಫೋನಿಗೆ ಹಾಕ್ದೆ. ಜಗಲಿಯಲ್ಲಿ ಎರಡು ಕಡ್ಡಿ ಸಿಗ್ನಲ್, ಅಡುಗೆಮನೆಯಲ್ಲಿ ಸೊನ್ನೆ. ಅವಳ ಅರ್ಧ ದಿನ ಕಳೆಯೋದೇ ಅಡುಗೆಮನೆಯಲ್ಲಿ, ಹಾಗಾಗಿ ಹಳೇ ಸಿಮ್ಮೇ ಉಳೀತು.