ಪಡ್ಡಾಯಿ ಗಾಳಿ, ಮೂಡಾಯಿ ಗಾಳಿ: ಮಂಗಳೂರಿನ ಒಂದು ವರ್ಷ

ಎಲ್ಲರಿಗೂ ನಮಸ್ಕಾರ. ಈ ಸೆಕೆಯಲ್ಲೂ ಇಷ್ಟು ಜನ ಬಂದು ಕೂತಿದ್ದೀರಿ, ತುಂಬ ಸಂತೋಷ. ಮೇ ತಿಂಗಳ ನಡುವೆ ಮಂಗಳೂರಿನಲ್ಲಿ ಹವಾಮಾನದ ಮಾತು ತೆಗೆದರೆ ಪೀಠಿಕೆಯೇ ಬೇಡ.

ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರು ಕಾಲಗಳನ್ನು ನಾವೆಲ್ಲ ಬಾಯಿಪಾಠ ಮಾಡಿದವರು. ಭೂಗೋಳದ ಮೇಷ್ಟ್ರಾಗಿ ನಾನೂ ಬಹಳ ವರ್ಷ ಅದನ್ನೇ ಕಲಿಸಿದೆ. ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಚಳಿಗಾಲ ಜನವರಿಯಲ್ಲಿ ಅಂತೀರಿ. ಮತ್ತೆ ನಮ್ಮ ಅಜ್ಜಿ ಆಟಿಯಲ್ಲಿ ಕಂಬಳಿ ತೆಗೆಯುವುದು ಯಾಕೆ?" ಆ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಈ ಊರಿನ ಹವೆಯನ್ನು ಸರಿಯಾಗಿ ನೋಡಲು ಕಲಿತದ್ದು.

ಅವಳ ಅಜ್ಜಿ ಮಾಡಿದ್ದು ಸರಿ. ಜನವರಿಯಲ್ಲಿ ಮಂಗಳೂರಿನ ಹಗಲಿನ ಗರಿಷ್ಠ ತಾಪಮಾನ ಸರಾಸರಿ 33 ಡಿಗ್ರಿಯ ಹತ್ತಿರ. ಜುಲೈಯಲ್ಲಿ ಅದು 28, 29ರ ಆಸುಪಾಸು. ಹಗಲಿನ ಲೆಕ್ಕದಲ್ಲಿ ನಮ್ಮ ಅತ್ಯಂತ ತಣ್ಣಗಿನ ಕಾಲ ಆಟಿಯೇ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಜನವರಿಯಲ್ಲಿ ತಂಪು ಸಿಗುವುದು ರಾತ್ರಿ ಮಾತ್ರ. ಬೆಳಗಿನ ಜಾವ ತಾಪಮಾನ 21 ಡಿಗ್ರಿಗೆ ಇಳಿಯುತ್ತದೆ, ಬಿಸಿಲು ಏರಿದ ಮೇಲೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಹಾಗಾದರೆ ನಮ್ಮ ವರ್ಷವನ್ನು ಭಾಗ ಮಾಡುವುದು ಯಾವುದು? ನನ್ನ ಪ್ರಕಾರ ಗಾಳಿ. ತುಳುವಿನಲ್ಲಿ ಪಡುವಣಕ್ಕೆ ಪಡ್ಡಾಯಿ, ಮೂಡಣಕ್ಕೆ ಮೂಡಾಯಿ. ಗಾಳಿ ಪಡ್ಡಾಯಿಯಿಂದ ಬೀಸುತ್ತದೆಯೋ ಮೂಡಾಯಿಯಿಂದಲೋ ಎಂಬುದು ತಿಳಿದರೆ ಈ ಊರಿನ ವರ್ಷ ಅರ್ಧ ತಿಳಿದ ಹಾಗೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಎಪ್ಪತ್ತು ಕಿಲೋಮೀಟರಿನೊಳಗೆ ಪಶ್ಚಿಮ ಘಟ್ಟ. ಇವೆರಡರ ನಡುವಿನ ಸಪೂರ ಪಟ್ಟಿಯಲ್ಲಿ ನಾವಿದ್ದೇವೆ.

ಇನ್ನು ಹತ್ತು ದಿನ ಕಳೆದರೆ ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಇದನ್ನು ಬರೀ ಸಂಪ್ರದಾಯವೆಂದು ತಿಳಿಯಬೇಡಿ. ಬಯಲಲ್ಲಿ ರಾತ್ರಿಯಿಡೀ ಆಟ ಆಡುವವರು ತಮ್ಮ ಅನುಭವದಿಂದ ಕಟ್ಟಿಕೊಂಡ ಹವಾಮಾನ ಪಂಚಾಂಗ ಅದು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1, ಮತ್ತೆ ನಾಲ್ಕೈದು ದಿನದಲ್ಲಿ ನಮ್ಮಲ್ಲಿಗೆ. ವಾರದ ಮುಂಚೆಯೇ ಚೆಂಡೆ ಮದ್ದಲೆ ಒಳಗೆ ಸೇರಿದರೆ ಕ್ಷೇಮ ಎಂಬ ಲೆಕ್ಕ. 2025ರಲ್ಲಂತೂ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು.

ಈ ಪಡ್ಡಾಯಿ ಗಾಳಿ ಬರುವುದು ಬಹಳ ದೂರದಿಂದ. ದಕ್ಷಿಣ ಗೋಳಾರ್ಧದಲ್ಲಿ ಹೊರಟು, ಸಮಭಾಜಕ ದಾಟಿ, ಸೊಮಾಲಿಯಾದ ಕರಾವಳಿಯಲ್ಲಿ ತಿರುಗಿ, ಅರಬ್ಬಿ ಸಮುದ್ರದ ಉದ್ದಕ್ಕೂ ನೀರಾವಿ ಹೀರಿಕೊಂಡು ನಮ್ಮ ಮೇಲೆ ಬರುತ್ತದೆ. ಎದುರಿಗೆ ಘಟ್ಟ. ದಾಟಬೇಕಾದರೆ ಮೇಲೇರಬೇಕು, ಏರಿದಂತೆ ತಣಿಯಬೇಕು, ತಣಿದಾಗ ಹೊತ್ತ ನೀರನ್ನು ಇಳಿಸಲೇಬೇಕು. ಅದಕ್ಕೇ ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ, ಆಗುಂಬೆಗೆ ಅದರ ಎರಡು ಪಟ್ಟು. ಘಟ್ಟದ ಆಚೆ ಹಾಸನಕ್ಕೆ ಮುಟ್ಟುವಾಗ ಸಾವಿರವೂ ಉಳಿದಿರುವುದಿಲ್ಲ. ಬೆಂಗಳೂರಿಗೆ ವರ್ಷವಿಡೀ ಬೀಳುವಷ್ಟು ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ.

ಹಳಬರು ಈ ಮಳೆಯನ್ನು ನಕ್ಷತ್ರದ ಹೆಸರಿನಿಂದ ಗುರುತಿಸುತ್ತಾರೆ: ಮೃಗಶಿರ, ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಆಕಾಶವಾಣಿಯಲ್ಲಿ ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಕೇಳುವ ನಮಗೆ ಇವು ಹಳತೆನಿಸಬಹುದು. ಆದರೆ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದು ಋತುವಿನದೇ ಲೆಕ್ಕ, ಆದ್ದರಿಂದ ಬಿತ್ತನೆ ನಾಟಿಗೆ ಅದು ನಂಬಿಕೆಯ ಕೈಮರವಾಗಿತ್ತು.

ಆಟಿಯ ಮನೆಯೊಳಗೆ ಒಮ್ಮೆ ಬನ್ನಿ. ಉಪ್ಪಿನ ಭರಣಿಯಲ್ಲಿ ಉಪ್ಪು ನೀರಾಗಿದೆ. ಬೆಂಕಿಕಡ್ಡಿ ಗೀಚಿದರೆ ಮದ್ದು ಉದುರುತ್ತದೆ, ಹತ್ತುವುದಿಲ್ಲ. ಚಪ್ಪಲಿಗೆ, ಬೆಲ್ಟಿಗೆ ಹಸಿರು ಬೂಸರು. ಒಲೆಯ ಮೇಲಿನ ಹಗ್ಗದಲ್ಲಿ ಮಕ್ಕಳ ಯೂನಿಫಾರ್ಮು, ಅದಕ್ಕೆ ಹೊಗೆಯ ವಾಸನೆ. ಹಂಚಿನ ಮೇಲೆ ಮಳೆಯ ಸದ್ದು ಎಷ್ಟೆಂದರೆ ಎದುರಿನವರ ಮಾತು ಕೇಳಬೇಕಾದರೆ ಹತ್ತಿರ ಹೋಗಬೇಕು. ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆ, ಕೆಸುವಿನ ಎಲೆಯ ಪತ್ರೊಡೆ, ಕಣಿಲೆ ಅಂದರೆ ಎಳೆ ಬಿದಿರು, ತಜಂಕು ಎಂಬ ಕಾಡುಸೊಪ್ಪು ಇವೇ ಊಟ. ಗದ್ದೆಯ ಕೆಲಸ ಮುಗಿದು, ಕಡಲೂ ಮುಚ್ಚಿ, ಕೈಯಲ್ಲಿ ಕಾಸಿಲ್ಲದ ತಿಂಗಳು ಅದು. ಇವತ್ತು ಹೋಟೆಲುಗಳಲ್ಲಿ 'ಆಟಿದ ಊಟ' ಬಡಿಸುವಾಗ ಆ ಹಸಿವನ್ನೂ ನೆನಪಿಟ್ಟುಕೊಳ್ಳಬೇಕು ಎಂದು ನನ್ನ ಆಸೆ. ತೋಟದಲ್ಲಿ ಅಡಿಕೆಗೆ ಕೊಳೆರೋಗ ಬರುವುದೂ ಈಗಲೇ. ಮಳೆ ಸ್ವಲ್ಪ ಹೊಳವಾದರೆ ಸಾಕು, ಮೈಲುತುತ್ತು ಸುಣ್ಣದ ದ್ರಾವಣ ಸಿಂಪಡಿಸಲು ಓಡಬೇಕು.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದೇ ಹೊತ್ತಿಗೆ ನೀರಿನೊಳಗೆ ಬೇರೆಯೇ ಕೆಲಸ ನಡೆಯುತ್ತಿರುತ್ತದೆ. ಮುಂಗಾರಿನ ಗಾಳಿ ಮತ್ತು ಪ್ರವಾಹ ದಡದ ಮೇಲ್ಪದರದ ನೀರನ್ನು ಆಚೆ ತಳ್ಳುತ್ತವೆ, ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ, ಅದರಲ್ಲಿ ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ, ಬಂಗುಡೆ ಮೀನುಗಳಿಗೆ ಅದೇ ಹಬ್ಬದೂಟ.

ಸೆಪ್ಟೆಂಬರ್ ಕಳೆದಂತೆ ಪಡ್ಡಾಯಿ ಸೋಲುತ್ತದೆ. ಅಕ್ಟೋಬರ್, ನವೆಂಬರಿನ ಮಳೆಯೇ ಬೇರೆ. ಬೆಳಿಗ್ಗೆ ಶುಭ್ರ ಆಕಾಶ, ಮಧ್ಯಾಹ್ನ ಘಟ್ಟದ ಮೇಲೆ ಮೋಡ ಗೋಪುರ ಕಟ್ಟುತ್ತದೆ, ಸಂಜೆ ಅದು ಮೂಡಾಯಿಯಿಂದ ನಮ್ಮ ಕಡೆ ಬರುತ್ತದೆ, ಗುಡುಗು ಸಿಡಿಲಿನೊಂದಿಗೆ. ಕಡಲ ಕಡೆಯಿಂದ ಬರುವ ಜುಲೈಯ ಮಳೆಗೆ ಇಷ್ಟು ಆರ್ಭಟವಿಲ್ಲ. ದೀಪಾವಳಿಯ ಹೊತ್ತಿಗೆ ಸಿಡಿಲಿನ ಎಚ್ಚರಿಕೆಯನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ.

ಡಿಸೆಂಬರಿನಿಂದ ಫೆಬ್ರವರಿ ತನಕ ಮೂಡಾಯಿ ಗಾಳಿಯದೇ ಅಧಿಕಾರ. ಮಳೆ ಇಲ್ಲವೆಂದೇ ಹೇಳಬೇಕು. ಒಣಗಾಳಿ ಘಟ್ಟದಿಂದ ಕೆಳಗಿಳಿಯುವಾಗ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಅದರ ಬಲ ಜಾಸ್ತಿಯಿದ್ದ ದಿನ ಕಡಲಗಾಳಿ ಒಳಗೆ ಬರುವುದು ತಡವಾಗಿ, ಅಷ್ಟರಲ್ಲಿ ತಾಪಮಾನ ಎಲ್ಲಿಗೋ ಏರಿರುತ್ತದೆ. 'ಚಳಿಗಾಲದಲ್ಲಿ ಮಂಗಳೂರು ಸುಡುತ್ತಿದೆ' ಎಂಬ ಸುದ್ದಿಯ ಹಿಂದೆ ಹೆಚ್ಚಾಗಿ ಇರುವುದು ಇದೇ. ಏಪ್ರಿಲ್, ಮೇಯಲ್ಲಿ ಡಿಗ್ರಿಗಿಂತ ತೇವಾಂಶವೇ ನಮ್ಮನ್ನು ಬಳಲಿಸುವುದು. ಬೆವರು ಆರಿದರಲ್ಲವೇ ಮೈ ತಣಿಯುವುದು? ಅದಕ್ಕೇ ಹವಾಮಾನ ಇಲಾಖೆ ಬಯಲುಸೀಮೆಗೆ 40 ಡಿಗ್ರಿಯಿಂದ ಬಿಸಿಗಾಳಿ ಎಂದು ಲೆಕ್ಕ ಹಿಡಿದರೆ, ಕರಾವಳಿಗೆ 37ರಿಂದಲೇ ಹಿಡಿಯುತ್ತದೆ.

ಈ ಪಂಚಾಂಗ ಈಚೆಗೆ ಅಲುಗಾಡುತ್ತಿದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಚಂಡಮಾರುತಗಳು ಹೆಚ್ಚಾಗಿವೆ. 2018ರ ಮೇ 29ರಂದು ಮುಂಗಾರಿನ ಮೊದಲ ಹೊಡೆತಕ್ಕೇ ನಗರ ಮುಳುಗಿತು. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಉಳ್ಳಾಲ, ಸೋಮೇಶ್ವರದ ದಡವನ್ನು ಕೊರೆದು ಹೋಯಿತು. 2019ರಲ್ಲೂ 2023ರಲ್ಲೂ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ. ಆ ಎರಡು ಬೇಸಿಗೆಗಳಲ್ಲೂ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಳ ಕಂಡು, ನಗರಕ್ಕೆ ಸರದಿಯಲ್ಲಿ ನೀರು ಬಿಡಬೇಕಾಯಿತು.

ಮೂರೂವರೆ ಸಾವಿರ ಮಿಲಿಮೀಟರ್ ಮಳೆಯ ಊರಿನಲ್ಲಿ ಕೊಡಪಾನ ಹಿಡಿದು ಟ್ಯಾಂಕರಿಗೆ ಕಾಯುವುದು ನನಗೆ ಇವತ್ತಿಗೂ ನುಂಗಲಾಗದ ಸಂಗತಿ. ಕಾರಣ ಕಷ್ಟದ್ದಲ್ಲ. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ, ಮುರಕಲ್ಲಿನ, ಅಂದರೆ ತೂತುತೂತಾದ ಕೆಂಪು ಜಂಬಿಟ್ಟಿಗೆಯ ನೆಲ ನೀರನ್ನು ಬೇಗ ಹೀರಿ ಬೇಗ ಬಿಟ್ಟುಕೊಡುತ್ತದೆ, ಹೊಳೆಗಳು ಗಿಡ್ಡ, ಕಡಲು ಹತ್ತಿರ. ಹಿರಿಯರು ಗುಡ್ಡದಲ್ಲಿ ಮಳೆನೀರು ನಿಲ್ಲಿಸುವ ಮದಕ ಮಾಡಿದರು, ತೋಡಿಗೆ ಅಡ್ಡಲಾಗಿ ವರ್ಷವರ್ಷ ಮಣ್ಣಿನ ಕಟ್ಟ ಹಾಕಿದರು. ನಾವು ಅಂಗಳಕ್ಕೆ ಇಂಟರ್‌ಲಾಕ್ ಹಾಕಿದೆವು. ಒಂದು ಚಿಕ್ಕ ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ಮಾಡಿಗೆ, ಅಂದರೆ ಮನೆಯ ಛಾವಣಿಗೆ, ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ ನಾಲ್ಕು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು ಎರಡು ಲಕ್ಷ. ಅಷ್ಟನ್ನೂ ಟ್ಯಾಂಕಿಯಲ್ಲಿ ಹಿಡಿದಿಡಲು ಆಗದು, ಒಪ್ಪುತ್ತೇನೆ. ಆದರೆ ಮಾಡಿನ ನೀರನ್ನು ಸೋಸಿ ಬಾವಿಗೆ, ಇಂಗುಗುಂಡಿಗೆ ಬಿಡಲು ಒಂದು ಪೈಪು ಸಾಕು.

ನನ್ನ ಅಮ್ಮನಿಗೆ ಮಳೆಮಾಪಕ ಗೊತ್ತಿರಲಿಲ್ಲ. ಅವರು ಬಾವಿಗೆ ಬಗ್ಗಿ, ನೀರಿನ ಮೇಲೆ ಮುರಕಲ್ಲಿನ ಎಷ್ಟು ವರಸೆ ಕಾಣುತ್ತದೆ ಎಂದು ಎಣಿಸುತ್ತಿದ್ದರು. ಆಟಿಯಲ್ಲಿ ಮೂರೋ ನಾಲ್ಕೋ, ರಾಟೆಯೇ ಬೇಡ, ಬಗ್ಗಿ ಕೊಡಪಾನ ಅದ್ದಬಹುದಿತ್ತು. ಮಾರ್ಚ್, ಏಪ್ರಿಲಿನ ಸುಗ್ಗಿ ತಿಂಗಳಿಗೆ ಹಗ್ಗವನ್ನೆಲ್ಲ ಬಿಡಬೇಕು. ಅದೇ ಬಾವಿಯಲ್ಲಿ ನಾನೂ ಎಣಿಸುತ್ತೇನೆ. ಇವತ್ತು ಬೆಳಿಗ್ಗೆ ಮೂವತ್ತೊಂದು ವರಸೆ ಕಾಣುತ್ತಿತ್ತು.